ಮೊದಲ ಸಾಲಿನ ನಮಾಝ್, ತಾಯಿಯ ಪಾಲು ಮತ್ತು ಒಂದು ಗಡ್ಡ

ಪ್ರಶ್ನೆ: ನಾನು ಶಿರಸಿಯ ಅಡಿಕೆ ವ್ಯಾಪಾರಿಯೊಬ್ಬರ ಬಳಿ ಲೆಕ್ಕ ಬರೆಯುವ ಕೆಲಸದಲ್ಲಿರುವ ಮುಸ್ಲಿಂ ಯುವಕ. ನನ್ನ ಸೋದರಮಾವ ಐದು ಹೊತ್ತಿನ ನಮಾಝನ್ನೂ ಮಸೀದಿಯ ಮೊದಲ ಸಾಲಿನಲ್ಲೇ ಮಾಡುವವರು. ಉದ್ದ ಗಡ್ಡ, ಕಣಕಾಲಿನ ಮೇಲೆ ನಿಲ್ಲುವ ಪೈಜಾಮ, ಕೈಯಲ್ಲಿ ಸದಾ ತಸ್ಬೀಹ್ ಎಂಬ ಜಪಮಾಲೆ. ಆದರೆ ಅಜ್ಜ ತೀರಿಕೊಂಡು ಹನ್ನೊಂದು ವರ್ಷವಾದರೂ ಮನೆ ಮತ್ತು ಮಳಿಗೆಯಲ್ಲಿ ನನ್ನ ತಾಯಿಗೆ ಬರಬೇಕಾದ ಪಾಲನ್ನು ಅವರು ಕೊಟ್ಟಿಲ್ಲ. ಇನ್ನೊಂದೆಡೆ ನನ್ನ ಗೆಳೆಯನೊಬ್ಬ ಶುಕ್ರವಾರ ಬಿಟ್ಟರೆ ಮಸೀದಿಗೆ ಬರುವುದೇ ಅಪರೂಪ. ಆದರೆ ನಡುರಾತ್ರಿ ನನ್ನ ತಂದೆಗೆ ಎದೆನೋವು ಬಂದಾಗ ಹುಬ್ಬಳ್ಳಿಯವರೆಗೆ ಗಾಡಿ ಓಡಿಸಿದವನು ಅವನೇ. ಇದನ್ನೆಲ್ಲ ನೋಡಿ, ಹೊರಗಿನ ಆಚಾರವೆಲ್ಲ ತೋರಿಕೆ, ಮನಸ್ಸು ಚೆನ್ನಾಗಿದ್ದರೆ ಸಾಕು ಅನ್ನಿಸತೊಡಗಿದೆ. ಎರಡು ವರ್ಷದಿಂದ ನಾನೂ ಗಡ್ಡ ಬಿಟ್ಟಿದ್ದೇನೆ. ಜನ ಹೊಗಳಿದರೆ ಖುಷಿಯಾಗುತ್ತದೆ. ಮನೆಯಲ್ಲಿ ಒಬ್ಬನೇ ಇದ್ದ ದಿನ ಬೆಳಗಿನ ಫಜ್ರ್ ನಮಾಝ್ ತಪ್ಪುತ್ತದೆ. ಹೀಗೆ ಕಪಟಿಯಾಗಿ ಬದುಕುವುದಕ್ಕಿಂತ ಗಡ್ಡ ತೆಗೆದುಬಿಡುವುದೇ ಪ್ರಾಮಾಣಿಕತೆಯಲ್ಲವೇ?

ಉತ್ತರ: ಅಸ್ಸಲಾಮು ಅಲೈಕುಮ್. ನಿಮ್ಮ ಪತ್ರದಲ್ಲಿ ಮೂವರಿದ್ದಾರೆ: ಮಾವ, ಗೆಳೆಯ ಮತ್ತು ನೀವು. ಮೂವರನ್ನೂ ನೀವು ಒಂದೇ ತಕ್ಕಡಿಯಲ್ಲಿ ತೂಗಿದ್ದೀರಿ; ತೊಡಕು ಅಲ್ಲಿಂದಲೇ ಶುರುವಾಗಿದೆ ಎಂದು ನನಗೆ ತೋರುತ್ತದೆ. ‘ಈ ಕೆಲಸವನ್ನು ಯಾರಿಗಾಗಿ ಮಾಡಿದೆ?’ ಎಂಬ ಪ್ರಶ್ನೆಯನ್ನು ಇಸ್ಲಾಂ ಪ್ರತಿಯೊಬ್ಬ ವಿಶ್ವಾಸಿಯ ಕೈಗೂ ಕೊಟ್ಟಿದೆ, ಆದರೆ ಅದನ್ನು ಅವನು ತನಗೆ ಮಾತ್ರ ಕೇಳಿಕೊಳ್ಳಬೇಕು. ಇನ್ನೊಬ್ಬರ ವಿಷಯದಲ್ಲಿ ನಾವು ಕೇಳಬಹುದಾದದ್ದು ಅವರ ವ್ಯವಹಾರದ ಬಗ್ಗೆ, ಕೊಟ್ಟ ಮಾತಿನ ಬಗ್ಗೆ, ಉಳಿಸಿಕೊಂಡ ಹಕ್ಕಿನ ಬಗ್ಗೆ. ಅವರ ಎದೆಯೊಳಗೆ ಏನಿದೆ ಎಂಬುದರ ಬಗ್ಗೆ ಅಲ್ಲ. ನೀವು ಇದನ್ನು ತಿರುವುಮುರುವಾಗಿ ಮಾಡಿದ್ದೀರಿ. ಮಾವನ ಎದೆಯನ್ನು ಅಳೆಯಲು ಹೊರಟಿದ್ದೀರಿ, ನಿಮ್ಮದರ ವಿಷಯಕ್ಕೆ ಬಂದಾಗ ಒಂದು ಕ್ಷೌರದಿಂದ ಪ್ರಶ್ನೆ ಮುಗಿಯುತ್ತದೆ ಎಂದುಕೊಂಡಿದ್ದೀರಿ. ಆದ್ದರಿಂದ ನಿಮ್ಮಿಂದಲೇ ಪ್ರಾರಂಭಿಸುತ್ತೇನೆ.

ಇಮಾಮ್ ಬುಖಾರಿಯವರು ತಮ್ಮ ಹದೀಸ್ (ಪ್ರವಾದಿವಚನ) ಸಂಗ್ರಹವನ್ನು ತೆರೆಯುವುದೇ ಖಲೀಫಾ ಉಮರ್ ವರದಿ ಮಾಡಿದ ಒಂದು ವಚನದಿಂದ: ಕರ್ಮಗಳು ಉದ್ದೇಶಗಳನ್ನು ಅವಲಂಬಿಸಿವೆ, ಪ್ರತಿಯೊಬ್ಬನಿಗೂ ಅವನು ಉದ್ದೇಶಿಸಿದ್ದೇ ಸಿಗುತ್ತದೆ. ದೇವರಿಗಾಗಿ ಮಾತ್ರ ಮಾಡುವ ಆ ಶುದ್ಧತೆಗೆ ಇಖ್ಲಾಸ್ ಎಂದು ಹೆಸರು. ಜನ ನೋಡಲಿ ಎಂದು ಮಾಡುವುದಕ್ಕೆ ರಿಯಾ. ರಿಯಾದ ಬಗ್ಗೆ ಪ್ರವಾದಿ ಮುಹಮ್ಮದರು (ಸ) ಆಡಿದ ಮಾತುಗಳು ಎಷ್ಟು ಕಠಿಣವೆಂದರೆ, ಅದನ್ನು ಅವರು ‘ಸಣ್ಣ ಶಿರ್ಕ್’ ಎಂದು ಕರೆದರು. ಅಂದರೆ ದೇವರಿಗೆ ಸಲ್ಲಬೇಕಾದ ಕೆಲಸದಲ್ಲಿ ಜನರನ್ನೂ ಪಾಲುದಾರರಾಗಿ ಸೇರಿಸುವುದು. ಅಂತಿಮ ದಿನದಲ್ಲಿ ಮೊದಲು ವಿಚಾರಣೆಗೆ ಬರುವ ಮೂವರ ಕುರಿತ ಹದೀಸ್ ಇಮಾಮ್ ಮುಸ್ಲಿಂ ಅವರ ಸಂಗ್ರಹದಲ್ಲಿದೆ. ಆ ಮೂವರು ಕಳ್ಳರೋ ಕುಡುಕರೋ ಅಲ್ಲ: ಒಬ್ಬ ರಣರಂಗದಲ್ಲಿ ಸತ್ತವನು, ಒಬ್ಬ ಕುರ್‌ಆನ್ ಓದಿ ಕಲಿಸಿದ ವಿದ್ವಾಂಸ, ಒಬ್ಬ ದಾನಿ. ಪ್ರತಿಯೊಬ್ಬನಿಗೂ ಸಿಗುವ ಉತ್ತರ ಒಂದೇ ಬಗೆಯದು: ಧೀರನೆನ್ನಿಸಿಕೊಳ್ಳಲು, ಪಂಡಿತನೆನ್ನಿಸಿಕೊಳ್ಳಲು, ಉದಾರಿಯೆನ್ನಿಸಿಕೊಳ್ಳಲು ನೀನು ಹಾಗೆ ಮಾಡಿದೆ, ಜನ ಹಾಗೆಯೇ ಅಂದರು, ಲೆಕ್ಕ ಚುಕ್ತಾ ಆಯಿತು. ನಾನು ಹೊನ್ನಾವರದಲ್ಲಿ ಬಹುಕಾಲ ಮಕ್ಕಳಿಗೆ ಅರಬಿ ಮತ್ತು ಧರ್ಮಶಾಸ್ತ್ರ ಕಲಿಸಿದವನು. ಆ ಎರಡನೆಯವನ ಪ್ರಸಂಗ ಬಂದ ದಿನ ಪಾಠ ಮುಂದುವರಿಸುವುದು ನನಗೆ ಎಂದೂ ಸುಲಭವಾಗಿರಲಿಲ್ಲ.

ಆದ್ದರಿಂದ ನಿಮ್ಮ ಅಂಜಿಕೆ ಕ್ಷುಲ್ಲಕವಲ್ಲ. ಆದರೆ ಅಂಜಿಕೆಯಿಂದ ನೀವು ತೆಗೆದ ತೀರ್ಮಾನ ಸರಿಯಲ್ಲ. ಇದೇ ಅಂಜಿಕೆ ಇಸ್ಲಾಮಿನ ಇತಿಹಾಸದ ಅತಿ ದೊಡ್ಡ ವಿದ್ವಾಂಸರೊಬ್ಬರನ್ನು ಹಿಡಿದು ಕೆಡವಿದ್ದುಂಟು. ಇಮಾಮ್ ಗಝ್ಝಾಲಿ 1091ರಲ್ಲಿ ಬಾಗ್ದಾದಿನ ನಿಝಾಮಿಯಾ ವಿದ್ಯಾಲಯದ ಗುರುಪೀಠಕ್ಕೆ ಬಂದಾಗ ಅವರಿಗೆ ಮೂವತ್ತಮೂರರ ಹರೆಯ. ನಾಲ್ಕು ವರ್ಷ ಕಳೆಯುವುದರೊಳಗೆ, ತಾವು ಪಾಠ ಹೇಳುವುದರ ಹಿಂದಿನ ಉದ್ದೇಶ ದೇವರದಲ್ಲ, ಪದವಿ ಮತ್ತು ಪ್ರಸಿದ್ಧಿಯ ಆಸೆಯೇ ತಮ್ಮನ್ನು ನಡೆಸುತ್ತಿದೆ ಎಂಬುದು ಅವರಿಗೆ ಸ್ಪಷ್ಟವಾಯಿತು. ತಿಂಗಳುಗಟ್ಟಲೆ ಒದ್ದಾಡಿದರು, ಕೊನೆಗೆ ತರಗತಿಯಲ್ಲಿ ನಾಲಿಗೆಯೇ ಏಳದಾಯಿತು, ಅನ್ನ ಗಂಟಲಿನಲ್ಲಿ ಇಳಿಯದಾಯಿತು, ವೈದ್ಯರು ಇದು ಮನಸ್ಸಿನ ರೋಗವೆಂದು ಕೈಚೆಲ್ಲಿದರು. 1095ರಲ್ಲಿ ಅವರು ಎಲ್ಲವನ್ನೂ ಬಿಟ್ಟು ಹೊರಟುಹೋದರು. ಇಷ್ಟನ್ನು ಅನೇಕರು ಹೇಳುತ್ತಾರೆ, ಆದರೆ ಮುಂದಿನದನ್ನು ಹೇಳುವವರು ಕಡಿಮೆ. ಸುಮಾರು ಹನ್ನೊಂದು ವರ್ಷಗಳ ನಂತರ, 1106ರಲ್ಲಿ, ಅವರು ನಿಶಾಪುರದಲ್ಲಿ ಮತ್ತೆ ಪಾಠ ಹೇಳಲು ಕುಳಿತರು. ಪಾಠ ಹೇಳುವುದೇ ಸುಳ್ಳು ಎಂಬ ನಿರ್ಣಯಕ್ಕೆ ಅವರು ಬರಲಿಲ್ಲ. ಅಂದು ಪದವಿ ಗಳಿಸುವ ವಿದ್ಯೆಯನ್ನು ಕಲಿಸುತ್ತಿದ್ದೆ, ಇಂದು ಪದವಿಯನ್ನು ಬಿಟ್ಟುಕೊಡುವ ವಿದ್ಯೆಯನ್ನು ಕಲಿಸುತ್ತೇನೆ ಎಂಬರ್ಥದ ಮಾತನ್ನು ತಮ್ಮ ಆತ್ಮಕಥನದಲ್ಲಿ ಬರೆದಿಟ್ಟರು. ಕೆಲಸ ಹೊರನೋಟಕ್ಕೆ ಅದೇ, ಉದ್ದೇಶ ಮಾತ್ರ ದುರಸ್ತಿಯಾಗಿತ್ತು.

ಅವರೇ ತಮ್ಮ ಮಹಾಗ್ರಂಥದಲ್ಲಿ ಪದವಿಯ ಆಸೆ ಮತ್ತು ರಿಯಾ ಎಂಬ ವಿಷಯಕ್ಕೆ ಒಂದು ಇಡೀ ಭಾಗವನ್ನು ಮೀಸಲಿಟ್ಟಿದ್ದಾರೆ. ಅಲ್ಲಿ ತೋರಿಕೆಯ ದಾರಿಗಳನ್ನು ಅವರು ಒಂದೊಂದಾಗಿ ಬಿಡಿಸುತ್ತ ಹೋಗುತ್ತಾರೆ: ರಾತ್ರಿಯೆಲ್ಲ ಎಚ್ಚರವಿದ್ದವನಂತೆ ಬಿಳಿಚಿಕೊಂಡ ಮುಖ, ಉಪವಾಸವಿದ್ದವನಂತೆ ಒಣಗಿದ ತುಟಿ, ಲೋಕದ ಪರಿವೆಯೇ ಇಲ್ಲವೆಂಬಂತೆ ಕೆದರಿದ ಕೂದಲು, ತೇಪೆ ಹಾಕಿದ ಬಟ್ಟೆ, ಹಣೆಯ ಮೇಲೆ ಸಜ್ದಾದ, ಅಂದರೆ ನೆಲಕ್ಕೆ ಹಣೆಯಿಟ್ಟು ನಮಿಸಿದ, ಗುರುತು. ಗಮನಿಸಿ, ಇದರಲ್ಲಿ ಅರ್ಧಕ್ಕರ್ಧ ‘ನನಗೆ ತೋರಿಕೆ ಬೇಡ’ ಎಂದು ತೋರಿಸುವ ತೋರಿಕೆಗಳು. ನೀವು ನಾಳೆ ಗಡ್ಡ ತೆಗೆದರೆ, ‘ಇವನು ನೇರ ಮನುಷ್ಯ, ಒಳಗಿಲ್ಲದ್ದನ್ನು ಹೊರಗೆ ತೋರಿಸುವವನಲ್ಲ’ ಎಂದು ಹೊಗಳುವ ಗೆಳೆಯರು ನಿಮಗೆ ಸಿಕ್ಕೇ ಸಿಗುತ್ತಾರೆ. ಆಗ ನೋಡುವ ಕಣ್ಣುಗಳು ಬದಲಾದವೇ ಹೊರತು ಜನರ ಕಣ್ಣಿಗಾಗಿ ಬದುಕುವುದು ತಪ್ಪಲಿಲ್ಲ. ಹಿಂದಿನ ಸಂತ ಫುಝೈಲ್ ಬಿನ್ ಇಯಾಝ್ ಅವರ ಹೆಸರಿನಲ್ಲಿ ಬಂದಿರುವ ಮಾತು ನಿಮಗೆ ನೇರವಾಗಿ ಅನ್ವಯಿಸುತ್ತದೆ: ಜನರಿಗಾಗಿ ಒಂದು ಕೆಲಸವನ್ನು ಬಿಡುವುದು ರಿಯಾ, ಜನರಿಗಾಗಿ ಮಾಡುವುದು ಶಿರ್ಕ್, ಈ ಎರಡರಿಂದಲೂ ದೇವರು ನಿನ್ನನ್ನು ಬಿಡಿಸುವುದೇ ಇಖ್ಲಾಸ್.

ಹಾಗಾದರೆ ಹೊಗಳಿಕೆಯಿಂದಾಗುವ ಖುಷಿ? ಒಳ್ಳೆಯ ಕೆಲಸ ಮಾಡಿದವನನ್ನು ಜನ ಹೊಗಳಿದರೆ ಅದೇನು ಎಂದು ಅನುಯಾಯಿಗಳೇ ಪ್ರವಾದಿಯವರನ್ನು ಕೇಳಿದ್ದರು. ಅದು ವಿಶ್ವಾಸಿಗೆ ಮುಂಗಡವಾಗಿ ಸಿಗುವ ಶುಭವಾರ್ತೆ ಎಂದು ಅವರು ಉತ್ತರಿಸಿದರು. ಖುಷಿ ತಾನಾಗಿ ಬಂದರೆ ದೋಷವಿಲ್ಲ. ಖುಷಿ ಸಿಗಲಿ ಎಂದು ಕೆಲಸ ಮಾಡಿದರೆ, ಸಿಗದಿದ್ದಾಗ ಬಿಟ್ಟರೆ, ಅಲ್ಲಿ ದೋಷವಿದೆ. ಒಬ್ಬನೇ ಇದ್ದ ದಿನ ಫಜ್ರ್ ತಪ್ಪುತ್ತದೆ ಎಂದು ಬರೆದಿದ್ದೀರಲ್ಲ, ನಿಮ್ಮ ರೋಗದ ಲಕ್ಷಣ ಅದು. ಔಷಧ ಬೀಳಬೇಕಾದ ಜಾಗವೂ ಅದೇ. ಗಡ್ಡದಲ್ಲಿ ಅದು ಸಿಗುವುದಿಲ್ಲ.

ಗಡ್ಡದ ಶಾಸ್ತ್ರವಿಧಿಯನ್ನು ಒಂದೆರಡು ಮಾತಿನಲ್ಲಿ ಹೇಳಿ ಮುಗಿಸುತ್ತೇನೆ. ಮೀಸೆಯನ್ನು ಕತ್ತರಿಸಿ ಗಡ್ಡವನ್ನು ಬಿಡಿ ಎಂಬ ಪ್ರವಾದಿವಚನ ಪ್ರಮಾಣಬದ್ಧವಾದದ್ದು. ಘಟ್ಟದ ಮೇಲೆ ನಿಮ್ಮಲ್ಲಿ ಹೆಚ್ಚಾಗಿ ಅನುಸರಿಸುವ ಹನಫಿ ಪಂಥವು ಒಂದು ಮುಷ್ಟಿಯಷ್ಟು ಗಡ್ಡ ಬಿಡುವುದನ್ನು ಕಡ್ಡಾಯವೆನ್ನುತ್ತದೆ. ಭಟ್ಕಳ, ಹೊನ್ನಾವರದ ನವಾಯತರು ಅನುಸರಿಸುವ ಶಾಫಿಈ ಪಂಥದ ನಂತರದ ವಿದ್ವಾಂಸರಲ್ಲಿ ಅನೇಕರು ಅದನ್ನು ಬೋಳಿಸುವುದು ಮಕ್ರೂಹ್, ಅಂದರೆ ಮೆಚ್ಚತಕ್ಕದ್ದಲ್ಲ, ಎಂಬಷ್ಟಕ್ಕೆ ನಿಲ್ಲುತ್ತಾರೆ. ಯಾವ ಪಂಥವೂ ಅದನ್ನು ಈಮಾನಿನ, ಅಂದರೆ ವಿಶ್ವಾಸದ, ಅಳತೆಗೋಲು ಎಂದಿಲ್ಲ. ಇಟ್ಟುಕೊಂಡಿದ್ದೀರಿ, ಇರಲಿ. ಅದರ ಜೊತೆಗೆ ಯಾರಿಗೂ ಕಾಣದ ಒಂದು ಆರಾಧನೆಯನ್ನು ಇಂದೇ ಸೇರಿಸಿಕೊಳ್ಳಿ. ರಾತ್ರಿಯ ಇಶಾ ನಮಾಝಿನ ನಂತರ ಮನೆಯವರೆಲ್ಲ ಮಲಗಿದ ಮೇಲೆ ಎರಡು ರಕಅತ್ (ನಮಾಝಿನ ಸುತ್ತು) ಆಗಬಹುದು. ತಿಂಗಳ ಸಂಬಳದಲ್ಲಿ ಸಣ್ಣದೊಂದು ಮೊತ್ತ ಯಾರಿಂದ ಬಂತೆಂದು ತಿಳಿಯದಂತೆ ಒಂದು ಮನೆ ಸೇರುವ ಏರ್ಪಾಡು ಆಗಬಹುದು. ಬಲಗೈ ಕೊಟ್ಟದ್ದನ್ನು ಎಡಗೈ ಅರಿಯದಂತೆ ದಾನ ಮಾಡಿದವನಿಗೆ ಅಂತಿಮ ದಿನದಲ್ಲಿ ದೇವರ ನೆರಳು ಸಿಗುತ್ತದೆ ಎಂದಿದ್ದಾರೆ ಪ್ರವಾದಿಯವರು. ಆ ಗುಟ್ಟಿನ ಕೆಲಸವನ್ನು ನನಗೂ ಬರೆದು ತಿಳಿಸಬೇಡಿ.

ಕಪಟಿ ಎಂಬ ಪದವನ್ನು ನಿಮ್ಮ ಮೇಲೆಯೇ ಪ್ರಯೋಗಿಸಿಕೊಂಡಿದ್ದೀರಿ. ಅದರ ಬಗ್ಗೆಯೂ ಹೇಳಬೇಕು, ಏಕೆಂದರೆ ಇದನ್ನು ಹೊತ್ತು ನರಳುವ ಎಳೆಯರನ್ನು ನಾನು ಹಲವು ಬಾರಿ ಕಂಡಿದ್ದೇನೆ. ಪ್ರವಾದಿಯವರ ಸಂಗಾತಿ ಹಂಝಲಾ ಒಮ್ಮೆ ‘ಹಂಝಲಾ ಕಪಟಿಯಾಗಿಬಿಟ್ಟ’ ಎಂದು ಹೇಳಿಕೊಳ್ಳುತ್ತ ಹೊರಟಿದ್ದರು. ದಾರಿಯಲ್ಲಿ ಸಿಕ್ಕ ಅಬೂಬಕರ್ ಕಾರಣ ಕೇಳಿದರು. ಪ್ರವಾದಿಯವರ ಎದುರು ಕುಳಿತಾಗ ಸ್ವರ್ಗನರಕಗಳು ಕಣ್ಣೆದುರೇ ಇದ್ದಂತಿರುತ್ತವೆ, ಮನೆಗೆ ಬಂದು ಹೆಂಡತಿ ಮಕ್ಕಳು ಹೊಲಗದ್ದೆಯಲ್ಲಿ ಮುಳುಗಿದರೆ ಎಲ್ಲ ಮರೆತುಹೋಗುತ್ತದೆ ಎಂದರು ಹಂಝಲಾ. ನನ್ನ ಪಾಡೂ ಅದೇ ಎಂದರು ಅಬೂಬಕರ್. ಇಬ್ಬರೂ ಹೋಗಿ ಹೇಳಿಕೊಂಡಾಗ ಪ್ರವಾದಿಯವರು ಅವರನ್ನು ಗದರಲಿಲ್ಲ. ನೀವು ಯಾವಾಗಲೂ ಆ ಸ್ಥಿತಿಯಲ್ಲೇ ಇದ್ದಿದ್ದರೆ ದೇವಚರರು ದಾರಿಯಲ್ಲಿ ನಿಮ್ಮ ಕೈ ಕುಲುಕುತ್ತಿದ್ದರು, ಆದರೆ ಹಂಝಲಾ, ಒಂದು ಗಳಿಗೆ ಹಾಗೆ, ಒಂದು ಗಳಿಗೆ ಹೀಗೆ ಎಂದರು. ಏರಿಳಿತವು ಕಾಪಟ್ಯವಲ್ಲ. ಮುನಾಫಿಕನ, ಅಂದರೆ ಕಪಟಿಯ, ಗುರುತುಗಳೆಂದು ಹದೀಸ್ ಹೇಳುವುದು ಮೂರನ್ನು: ಮಾತಾಡಿದರೆ ಸುಳ್ಳು, ಮಾತು ಕೊಟ್ಟರೆ ಭಂಗ, ನಂಬಿ ಒಪ್ಪಿಸಿದರೆ ವಂಚನೆ. ಮೂರೂ ಇನ್ನೊಬ್ಬರೊಂದಿಗಿನ ನಡವಳಿಕೆಗೆ ಸೇರಿದವು. ಅಡಿಕೆ ಅಂಗಡಿಯ ಲೆಕ್ಕದ ಪುಸ್ತಕ ಕೈಯಲ್ಲಿರುವ ನಿಮಗೆ ಇವು ದಿನಾಲೂ ಎದುರಾಗುವಂಥವು. ಇಬ್ನ್ ಅಬೀ ಮುಲೈಕಾ ಎಂಬ ವಿದ್ವಾಂಸರು, ನಾನು ಪ್ರವಾದಿಯವರ ಮೂವತ್ತು ಸಂಗಾತಿಗಳನ್ನು ಕಂಡಿದ್ದೇನೆ, ಅವರೆಲ್ಲರೂ ತಮ್ಮ ಬಗ್ಗೆ ಈ ಭಯ ಇಟ್ಟುಕೊಂಡವರೇ ಎಂದು ಹೇಳಿದ್ದನ್ನು ಬುಖಾರಿ ದಾಖಲಿಸಿದ್ದಾರೆ. ನಿಮ್ಮ ಭಯ ಅವರ ಸಾಲಿಗೆ ಸೇರಿದ್ದು.

ಈಗ ಮಾವನವರ ವಿಷಯಕ್ಕೆ ಬರೋಣ. ಪತ್ರದ ಈ ಭಾಗದಲ್ಲಿ ನೋವಿದೆ ಎಂಬುದು ನನಗೆ ಕಾಣುತ್ತದೆ. ಅದನ್ನು ಹಗುರವಾಗಿ ನೋಡುವುದಿಲ್ಲ.

ಒಂದು ಕಾಳಗದಲ್ಲಿ ಎದುರಾಳಿಯೊಬ್ಬ ಕತ್ತಿ ಮೈಮೇಲೆ ಬಂದ ಕ್ಷಣದಲ್ಲಿ ‘ಲಾ ಇಲಾಹ ಇಲ್ಲಲ್ಲಾಹ್’ (ಅಲ್ಲಾಹನಲ್ಲದೆ ಬೇರೆ ದೇವರಿಲ್ಲ) ಎಂದ. ಪ್ರಾಣಭಯದಿಂದ ಹೇಳಿದ್ದಾನೆ ಎಂದು ಬಗೆದು ಉಸಾಮಾ ಬಿನ್ ಝೈದ್ ಅವನನ್ನು ಕೊಂದರು. ಸುದ್ದಿ ಕೇಳಿ ಪ್ರವಾದಿಯವರು ಕೇಳಿದ ಪ್ರಶ್ನೆ ಇಂದಿಗೂ ನಮ್ಮನ್ನು ಕಟ್ಟಿಹಾಕುತ್ತದೆ: ನೀನು ಅವನ ಹೃದಯವನ್ನು ಸೀಳಿ ನೋಡಿದೆಯಾ? ಅವರು ಅದನ್ನೇ ಮತ್ತೆ ಮತ್ತೆ ಹೇಳಿದಾಗ, ತಾನು ಇಂದೇ ಹೊಸದಾಗಿ ಮುಸ್ಲಿಮನಾಗಿದ್ದರೆ ಚೆನ್ನಾಗಿತ್ತು ಅನ್ನಿಸಿತು ಎಂದು ಉಸಾಮಾ ನೆನೆಯುತ್ತಾರೆ. ಕಪಟಿಗಳು ಇದ್ದರು ಎಂಬುದನ್ನು ಕುರ್‌ಆನ್ ಮುಚ್ಚಿಡುವುದಿಲ್ಲ. ಅವರ ಹೆಸರಿನಲ್ಲೇ ಒಂದು ಅಧ್ಯಾಯವಿದೆ, ಅವರ ಮೈಕಟ್ಟು ನೋಡಿದರೆ ನಿಮಗೆ ಮೆಚ್ಚುಗೆಯಾಗುತ್ತದೆ, ಆದರೆ ಅವರು ಗೋಡೆಗೆ ಒರಗಿಸಿಟ್ಟ ಮರದ ತುಂಡುಗಳಂತೆ ಎಂದು ಅದು ಹೇಳುತ್ತದೆ (63:4). ಆದರೂ ಮದೀನಾದಲ್ಲಿ ಅವರು ಯಾರು ಎಂಬುದನ್ನು ಪ್ರವಾದಿಯವರು ಹುಝೈಫಾ ಎಂಬ ಒಬ್ಬ ಸಂಗಾತಿಗೆ ಮಾತ್ರ ಗುಟ್ಟಾಗಿ ತಿಳಿಸಿದ್ದರು. ಖಲೀಫಾ ಉಮರ್ ಮುಂದೊಮ್ಮೆ ಹುಝೈಫಾರನ್ನು ಕೇಳಿದ್ದು ಬೇರೆಯವರ ಹೆಸರನ್ನಲ್ಲ, ತನ್ನ ಹೆಸರು ಅದರಲ್ಲಿದೆಯೇ ಎಂದು. ಆದ್ದರಿಂದ ನಿಮ್ಮ ಮಾವ ಯಾರಿಗಾಗಿ ಮೊದಲ ಸಾಲಿನಲ್ಲಿ ನಿಲ್ಲುತ್ತಾರೆ ಎಂಬುದನ್ನು ನೀವು ನಿರ್ಣಯಿಸುವಂತಿಲ್ಲ. ಅವರು ಸಜ್ದಾದಲ್ಲಿ ನಿಜವಾಗಿಯೂ ಅಳುವವರಾಗಿರಬಹುದು. ನಿಜವಾದ ಭಕ್ತಿಯೂ ನಿಜವಾದ ಅನ್ಯಾಯವೂ ಒಬ್ಬನೇ ಮನುಷ್ಯನಲ್ಲಿ ಹನ್ನೊಂದು ವರ್ಷ ಒಟ್ಟಿಗೆ ಬಾಳಬಲ್ಲವು. ಇದು ನನ್ನ ವಯಸ್ಸು ನನಗೆ ಕಲಿಸಿದ್ದು.

ಆದರೆ ಎದೆಯನ್ನು ಅಳೆಯಬಾರದು ಎಂದಾಕ್ಷಣ ಲೆಕ್ಕವನ್ನೂ ಕೇಳಬಾರದು ಎಂದಾಗುವುದಿಲ್ಲ. ಒಬ್ಬ ವ್ಯಕ್ತಿಯ ಬಗ್ಗೆ ಸಾಕ್ಷಿ ಹೇಳಲು ಬಂದವನನ್ನು ಉಮರ್ ಕೇಳಿದರೆಂದು ಹೇಳಲಾಗುವ ಪ್ರಶ್ನೆಗಳು ಪ್ರಸಿದ್ಧವಾಗಿವೆ: ನೀನು ಅವನ ನೆರೆಮನೆಯವನೇ? ಅವನೊಂದಿಗೆ ಪ್ರಯಾಣ ಮಾಡಿದ್ದೀಯಾ? ಹಣದ ವ್ಯವಹಾರ ಮಾಡಿದ್ದೀಯಾ? ಮೂರಕ್ಕೂ ಇಲ್ಲ ಎಂಬ ಉತ್ತರ ಬಂದಾಗ, ಹಾಗಾದರೆ ಅವನು ಮಸೀದಿಯಲ್ಲಿ ತಲೆ ಬಾಗಿಸಿ ಎತ್ತುವುದನ್ನಷ್ಟೇ ನೋಡಿದ್ದೀಯೇನೋ, ನಿನಗೆ ಅವನ ಪರಿಚಯವಿಲ್ಲ ಎಂದರಂತೆ. ನಮ್ಮೂರುಗಳಲ್ಲಿ ಮಗಳನ್ನು ಕೊಡುವಾಗ, ದೋಣಿಗೆ ಪಾಲುಗಾರನನ್ನು ಹುಡುಕುವಾಗ, ಅಂಗಡಿಯ ಬೀಗದ ಕೈ ಒಪ್ಪಿಸುವಾಗ ನಾವು ಟೋಪಿ ಮತ್ತು ಗಡ್ಡ ನೋಡಿ ಒಪ್ಪಿಬಿಡುತ್ತೇವೆ. ಆಮೇಲೆ ಮೋಸವಾದಾಗ ಧರ್ಮದ ಮೇಲೆಯೇ ಸಿಟ್ಟಾಗುತ್ತೇವೆ. ಧರ್ಮವು ನಮಗೆ ಕೊಟ್ಟ ಪರೀಕ್ಷೆ ಅದಾಗಿರಲಿಲ್ಲ.

ನಿಮ್ಮ ಕಸುಬಿಗೆ ಹತ್ತಿರದ ಒಂದು ಪ್ರಸಂಗ ಇಲ್ಲಿ ನೆನಪಾಗುತ್ತದೆ. ಪ್ರವಾದಿಯವರು ಮದೀನಾದ ಪೇಟೆಯಲ್ಲಿ ಧಾನ್ಯದ ರಾಶಿಯೊಂದರ ಮುಂದೆ ನಿಂತು ಒಳಗೆ ಕೈ ಹಾಕಿದರು. ಮೇಲೆ ಒಣಗಿತ್ತು, ಒಳಗೆ ಬೆರಳು ಒದ್ದೆಯಾಯಿತು. ಇದೇನೆಂದು ಕೇಳಿದಾಗ, ಮಳೆ ತಾಗಿತ್ತು ಎಂದ ವ್ಯಾಪಾರಿ. ಜನರಿಗೆ ಕಾಣುವಂತೆ ಒದ್ದೆಯದನ್ನು ಮೇಲೇಕೆ ಇಡಲಿಲ್ಲ, ಮೋಸ ಮಾಡುವವನು ನಮ್ಮವನಲ್ಲ ಎಂದರು ಅವರು. ಚಾಲಿಯ ಚೀಲದ ಬಾಯಲ್ಲಿ ಗಲಗಲ ಎನ್ನುವ ಒಣ ಅಡಿಕೆಯನ್ನಿಟ್ಟು ಅಡಿಯಲ್ಲಿ ತೂಕ ಬರುವ ಹಸಿಯನ್ನು ತುಂಬುವುದು ಏನೆಂದು ನಿಮಗೆ ನಾನು ವಿವರಿಸಬೇಕಿಲ್ಲ. ಆ ವ್ಯಾಪಾರಿಯ ಮನಸ್ಸಿನಲ್ಲಿ ಏನಿತ್ತೆಂದು ಪ್ರವಾದಿಯವರು ಶೋಧಿಸಲಿಲ್ಲ. ರಾಶಿಯೊಳಗೆ ಕೈ ಹಾಕಿದರು. ಮಾವನ ವಿಷಯದಲ್ಲಿ ನಿಮಗೆ ಇರುವ ಹಕ್ಕು ಅಷ್ಟೇ, ಆದರೆ ಅಷ್ಟು ಮಟ್ಟಿಗೆ ಪೂರ್ತಿಯಾಗಿದೆ.

ತಾಯಿಯ ಪಾಲು ಮಾವನ ಔದಾರ್ಯವಲ್ಲ. ತಂದೆತಾಯಿ ಮತ್ತು ಹತ್ತಿರದ ಬಂಧುಗಳು ಬಿಟ್ಟುಹೋದದ್ದರಲ್ಲಿ ಗಂಡಸರಿಗೂ ಪಾಲಿದೆ, ಹೆಂಗಸರಿಗೂ ಪಾಲಿದೆ, ಅದು ಕಡಿಮೆಯಿರಲಿ ಹೆಚ್ಚಿರಲಿ, ನಿಗದಿಯಾದ ಪಾಲು ಎಂದು ಕುರ್‌ಆನ್ ಹೇಳುತ್ತದೆ (4:7). ಮುಂದಿನ ವಚನಗಳಲ್ಲಿ ಗಂಡುಮಕ್ಕಳಿಗೆ ಎರಡು ಹೆಣ್ಣುಮಕ್ಕಳ ಪಾಲಿನಷ್ಟು ಎಂಬ ಪ್ರಮಾಣ ಬರುತ್ತದೆ, ಅದು ಮುಗಿಯುತ್ತಿದ್ದಂತೆ ಇವು ದೇವರು ಹಾಕಿದ ಗಡಿಗಳು, ಇವನ್ನು ಮೀರುವವನಿಗೆ ಬೆಂಕಿಯಿದೆ ಎಂಬ ಎಚ್ಚರಿಕೆ ಬರುತ್ತದೆ. ನಮಾಝಿನಲ್ಲಿ ಎಷ್ಟು ರಕಅತ್ ಎಂಬುದನ್ನು ಸಹ ಕುರ್‌ಆನ್ ಅಂಕಿಗಳಲ್ಲಿ ಹೇಳಿಲ್ಲ, ಅದನ್ನು ನಾವು ಹದೀಸಿನಿಂದ ತಿಳಿಯುತ್ತೇವೆ. ಪಾಲಿನ ಲೆಕ್ಕವನ್ನು ಮಾತ್ರ ಅರ್ಧ, ಕಾಲು, ಎಂಟನೆಯ ಒಂದು, ಮೂರನೆಯ ಎರಡು ಎಂದು ಬಿಡಿಸಿ ಹೇಳಿದೆ. ಇದರ ಮೇಲೆ ನಾನು ಪಾಠಗಳಲ್ಲಿ ಎಷ್ಟು ಒತ್ತು ಕೊಟ್ಟರೂ ಸಾಲದೆನಿಸುತ್ತಿತ್ತು, ಏಕೆಂದರೆ ಪೈಜಾಮ ಕಣಕಾಲಿನಿಂದ ಎಷ್ಟು ಮೇಲಿರಬೇಕು ಎಂದು ಗಂಟೆಗಟ್ಟಲೆ ವಾದಿಸುವ ನಮ್ಮ ಜಿಲ್ಲೆಯ ಮನೆಗಳಲ್ಲೇ ಅಕ್ಕತಂಗಿಯರ ಪಾಲು ತಲೆಮಾರುಗಳಿಂದ ಬಾಕಿ ನಿಂತಿದೆ.

ಆ ಪೈಜಾಮದ ವಿಷಯವನ್ನೂ ಹೇಳಿಬಿಡುತ್ತೇನೆ. ಅಹಂಕಾರದಿಂದ ಬಟ್ಟೆಯನ್ನು ನೆಲಕ್ಕೆ ಎಳೆದುಕೊಂಡು ನಡೆಯುವವನನ್ನು ದೇವರು ಕಣ್ಣೆತ್ತಿಯೂ ನೋಡುವುದಿಲ್ಲ ಎಂದು ಪ್ರವಾದಿಯವರು ಹೇಳಿದಾಗ, ನನ್ನ ಬಟ್ಟೆಯ ಒಂದು ಬದಿ ತಾನಾಗಿ ಜಾರುತ್ತದೆಯಲ್ಲ ಎಂದು ಅಬೂಬಕರ್ ಕಳವಳಪಟ್ಟರು. ನೀವು ಅದನ್ನು ಅಹಂಕಾರದಿಂದ ಮಾಡುವವರಲ್ಲ ಎಂಬ ಉತ್ತರ ಬಂತು. ಬಟ್ಟೆಯ ವಿಧಿಯೊಳಗೇ ಅಹಂಕಾರದ ಪ್ರಶ್ನೆ ಕೂತಿದೆ. ಚೆನ್ನಾದ ಉಡುಪು ಇಷ್ಟವಾಗುವುದು ಅಹಂಕಾರವೇ ಎಂದು ಇನ್ನೊಬ್ಬರು ಕೇಳಿದಾಗ, ಅಲ್ಲ, ಸತ್ಯವನ್ನು ತಿರಸ್ಕರಿಸುವುದು ಮತ್ತು ಜನರನ್ನು ಕೀಳಾಗಿ ಕಾಣುವುದು ಅಹಂಕಾರ ಎಂದು ಅವರು ಬಿಡಿಸಿ ಹೇಳಿದ್ದರು.

ಮಾವನವರಂಥವರಿಗೆ ನಾನು ಓದಿ ಹೇಳುವ ಹದೀಸ್ ಒಂದಿದೆ. ದಿವಾಳಿಯಾದವನು ಯಾರು ಗೊತ್ತೇ ಎಂದು ಪ್ರವಾದಿಯವರು ಕೇಳಿದರು. ಕೈಯಲ್ಲಿ ಹಣವಾಗಲಿ ಸರಕಾಗಲಿ ಇಲ್ಲದವನು ಎಂದರು ಸಂಗಾತಿಗಳು. ನನ್ನ ಸಮುದಾಯದಲ್ಲಿ ದಿವಾಳಿಯಾದವನು ಅಂತಿಮ ದಿನದಲ್ಲಿ ನಮಾಝ್, ಉಪವಾಸ, ಝಕಾತ್ (ಕಡ್ಡಾಯ ದಾನ) ಹೊತ್ತು ಬರುತ್ತಾನೆ ಎಂದರು ಅವರು. ಆದರೆ ಒಬ್ಬನನ್ನು ಬೈದಿರುತ್ತಾನೆ, ಒಬ್ಬನ ಮೇಲೆ ಅಪವಾದ ಹೊರಿಸಿರುತ್ತಾನೆ, ಒಬ್ಬನ ಸೊತ್ತು ತಿಂದಿರುತ್ತಾನೆ, ಒಬ್ಬನನ್ನು ಹೊಡೆದಿರುತ್ತಾನೆ. ಅವನ ಪುಣ್ಯವನ್ನು ಅವರಿಗೆಲ್ಲ ಹಂಚಲಾಗುತ್ತದೆ, ಪುಣ್ಯ ಮುಗಿದು ಬಾಕಿ ಉಳಿದರೆ ಅವರ ಪಾಪಗಳನ್ನು ಇವನ ಮೇಲೆ ಹೊರಿಸಲಾಗುತ್ತದೆ. ಇಲ್ಲಿ ಆ ನಮಾಝನ್ನು ಸುಳ್ಳು ಎಂದಿಲ್ಲ ಎಂಬುದನ್ನು ಗಮನಿಸಿ. ಹಂಚುವಷ್ಟು ಪುಣ್ಯ ಬಂದಿರಬೇಕಾದರೆ ನಮಾಝ್ ಸ್ವೀಕೃತವೇ ಆಗಿದೆ. ಅದು ಅವನ ಕೈಯಲ್ಲಿ ಉಳಿಯುವುದಿಲ್ಲ, ಅಷ್ಟೇ. ಮಾವನವರ ಮೊದಲ ಸಾಲಿನ ನಮಾಝ್ ನಿಜವಾದಷ್ಟೂ, ಪಾಲು ಕೊಡದಿದ್ದರೆ ಅದು ನಿಮ್ಮ ತಾಯಿಯ ಖಾತೆಗೆ ಜಮೆಯಾಗುತ್ತ ಹೋಗುತ್ತದೆ ಎಂಬ ಹೆದರಿಕೆ ಇದೆ. ಅವರ ಮೇಲೆ ನಿಜವಾದ ಪ್ರೀತಿಯಿರುವವರು ಅವರಿಗೆ ಇದನ್ನು ಹೇಳಬೇಕು.

ಇನ್ನು ‘ಮನಸ್ಸು ಚೆನ್ನಾಗಿದ್ದರೆ ಸಾಕು’ ಎಂಬ ಮಾತು. ಇದನ್ನು ಹೇಳುವವರು ಸಾಮಾನ್ಯವಾಗಿ ಒಂದು ಹದೀಸಿನ ಅರ್ಧವನ್ನು ಹಿಡಿದಿರುತ್ತಾರೆ: ದೇವರು ನಿಮ್ಮ ರೂಪವನ್ನಾಗಲಿ ಸಂಪತ್ತನ್ನಾಗಲಿ ನೋಡುವುದಿಲ್ಲ, ಹೃದಯವನ್ನು ನೋಡುತ್ತಾನೆ. ಅಬೂ ಹುರೈರಾ ವರದಿ ಮಾಡಿದ ಪೂರ್ಣ ಪಾಠದಲ್ಲಿ ‘ಹೃದಯಗಳನ್ನೂ ಕರ್ಮಗಳನ್ನೂ’ ಎಂದಿದೆ. ಪೂರ್ವಕ್ಕೋ ಪಶ್ಚಿಮಕ್ಕೋ ಮುಖ ತಿರುಗಿಸುವುದೇ ಪುಣ್ಯವಲ್ಲ ಎನ್ನುವ ವಚನವನ್ನೂ (2:177) ಹೀಗೆಯೇ ಬಳಸುತ್ತಾರೆ. ಮದೀನಾದಲ್ಲಿ ನಮಾಝಿನ ದಿಕ್ಕು ಜೆರುಸಲೇಮಿನಿಂದ ಮಕ್ಕಾದ ಕಡೆಗೆ ಬದಲಾಗಿ, ಜನ ದಿಕ್ಕಿನ ಬಗ್ಗೆಯೇ ಜಗಳಕ್ಕೆ ನಿಂತ ಕಾಲದ ಹಿನ್ನೆಲೆ ಅದಕ್ಕಿದೆ. ಆ ವಚನ ಇಳಿದ ಮೇಲೂ ಮುಸ್ಲಿಮರು ದಿಕ್ಕನ್ನು ಬಿಡಲಿಲ್ಲ. ಕಾರವಾರದಿಂದ ಭಟ್ಕಳದವರೆಗೆ ನಾವು ಇಂದಿಗೂ ಕಡಲಿನ ಕಡೆಗೆ ಮುಖ ಮಾಡಿ ನಿಲ್ಲುತ್ತೇವೆ. ವಚನ ಮುಂದುವರಿದು ಪುಣ್ಯವೆಂದರೆ ಏನೆಂದು ಹೇಳುವಾಗ ವಿಶ್ವಾಸ, ಪ್ರೀತಿಯ ಹಣವನ್ನು ಅನಾಥರಿಗೆ ಬಡವರಿಗೆ ದಾರಿಹೋಕರಿಗೆ ಕೊಡುವುದು, ನಮಾಝ್, ಝಕಾತ್, ಕೊಟ್ಟ ಮಾತು, ಕಷ್ಟದಲ್ಲಿ ತಾಳ್ಮೆ ಇವೆಲ್ಲವನ್ನೂ ಒಂದೇ ಉಸಿರಿನಲ್ಲಿ ಪೋಣಿಸುತ್ತದೆ. ಆಚಾರವನ್ನು ತೆಗೆದು ಮನಸ್ಸನ್ನು ಇಟ್ಟಿಲ್ಲ, ಮನಸ್ಸನ್ನು ತೆಗೆದು ಆಚಾರವನ್ನೂ ಇಟ್ಟಿಲ್ಲ. ಮರುಭೂಮಿಯಿಂದ ಬಂದ ಅಲೆಮಾರಿಗಳು ‘ನಾವು ವಿಶ್ವಾಸವಿಟ್ಟೆವು’ ಎಂದಾಗ, ಶರಣಾದೆವು ಎನ್ನಿ, ವಿಶ್ವಾಸ ಇನ್ನೂ ನಿಮ್ಮ ಹೃದಯಗಳನ್ನು ಪ್ರವೇಶಿಸಿಲ್ಲ ಎಂದಿತು ಕುರ್‌ಆನ್ (49:14). ಆ ‘ಇನ್ನೂ’ ಎಂಬ ಪದದಲ್ಲಿ ನನಗೆ ದೊಡ್ಡ ಕರುಣೆ ಕಾಣುತ್ತದೆ. ಹೊರಗಿನ ಶರಣಾಗತಿಯನ್ನು ತಳ್ಳಿಹಾಕದೆ, ಒಳಗಿನದು ಬರುವವರೆಗೆ ಅವರನ್ನು ಬಾಗಿಲಲ್ಲಿ ಕೂರಿಸಿಕೊಂಡಿದೆ.

ಆದರೆ ನಮಾಝನ್ನೇ ಶಪಿಸುವ ಒಂದು ಅಧ್ಯಾಯವೂ ಇದೆ. ಮಾಊನ್ ಎಂಬ ಪುಟ್ಟ ಅಧ್ಯಾಯ, ಏಳೇ ವಚನ, ಮಕ್ಕಳು ಬಾಯಿಪಾಠ ಮಾಡಿರುವಂಥದ್ದು. ಅನಾಥನನ್ನು ದಬ್ಬುವವನಿಂದ ಅದು ಪ್ರಾರಂಭವಾಗುತ್ತದೆ. ನಮಾಝಿನ ಬಗ್ಗೆ ಅಸಡ್ಡೆಯಿರುವ, ತೋರಿಕೆಗೆ ಮಾಡುವ ನಮಾಝಿಗಳಿಗೆ ವಿನಾಶವಿದೆ ಎನ್ನುತ್ತದೆ. ‘ಮಾಊನ್’ ಕೊಡದೆ ತಡೆಯುವವರಿಗೆ ಎಂದು ಮುಗಿಯುತ್ತದೆ. ಮಾಊನ್ ಎಂದರೆ ಏನೆಂಬುದಕ್ಕೆ ಹಿಂದಿನ ವ್ಯಾಖ್ಯಾನಕಾರರು ಕೊಟ್ಟ ಉದಾಹರಣೆಗಳು ಬಕೆಟ್ಟು, ಪಾತ್ರೆ, ಕೊಡಲಿ: ನೆರೆಮನೆಯವರು ಒಂದು ಗಳಿಗೆಗೆ ಕೇಳುವ ಸಾಮಾನು. ನಮ್ಮ ಕೇರಿಯಲ್ಲಿ ಅದು ತೆಂಗಿನಮರಕ್ಕೆ ಹಾಕುವ ಏಣಿ, ಹಾರೆ, ಮದುವೆ ಮನೆಯ ದೊಡ್ಡ ಹಂಡೆ. ನಿಮ್ಮ ಗೆಳೆಯನ ಗಾಡಿ ಅಂದು ರಾತ್ರಿ ಹುಬ್ಬಳ್ಳಿಗೆ ಓಡಿದ್ದು ಈ ಲೆಕ್ಕಕ್ಕೆ ಸೇರುತ್ತದೆ. ಅವನು ನಮಾಝ್ ಬಿಡುವುದು ಸರಿ ಎಂದು ಇದರಿಂದ ಆಗುವುದಿಲ್ಲ. ಅದು ಅವನ ಮೇಲಿರುವ ಸಾಲ. ಅವನನ್ನು ಇಶಾಗೆ ಜೊತೆಯಲ್ಲಿ ಕರೆಯಿರಿ, ನಿಮ್ಮ ಗಡ್ಡದ ಎತ್ತರದಿಂದಲ್ಲ, ಅವನ ಗಾಡಿಯಲ್ಲಿ ಕುಳಿತ ಋಣದಿಂದ ಕರೆಯಿರಿ.

ಉಡುಪು ಕಾಲದಿಂದ ಕಾಲಕ್ಕೆ ಬದಲಾಗುತ್ತದೆ ಎಂಬುದಕ್ಕೆ ನಮ್ಮ ಹೊನ್ನಾವರವೇ ಸಾಕ್ಷಿ. 14ನೆಯ ಶತಮಾನದಲ್ಲಿ ಇಲ್ಲಿಗೆ ಬಂದ ಮೊರಕ್ಕೊದ ಯಾತ್ರಿಕ ಇಬ್ನ್ ಬತೂತಾ, ಈ ಊರಿನ ಹೆಂಗಸರು ಹೊಲಿದ ಬಟ್ಟೆ ತೊಡುವುದಿಲ್ಲ, ಒಂದೇ ಉದ್ದನೆಯ ಬಟ್ಟೆಯನ್ನು ಸೊಂಟಕ್ಕೆ ಸುತ್ತಿ ಉಳಿದದ್ದನ್ನು ತಲೆ ಎದೆಗಳ ಮೇಲೆ ಹೊದೆಯುತ್ತಾರೆ, ಮೂಗಿನಲ್ಲಿ ಚಿನ್ನದ ಉಂಗುರ ಹಾಕುತ್ತಾರೆ ಎಂದು ಬರೆದ. ಅವರೆಲ್ಲರಿಗೂ ಕುರ್‌ಆನ್ ಕಂಠಪಾಠವಿದೆ, ಹುಡುಗಿಯರಿಗೆ 13 ಮತ್ತು ಹುಡುಗರಿಗೆ 23 ಶಾಲೆಗಳನ್ನು ಕಂಡೆ, ಹೀಗೆ ಬೇರೆಲ್ಲೂ ಕಂಡಿಲ್ಲ ಎಂದೂ ಬರೆದ. ನನ್ನ ಅಜ್ಜಿಯೂ ಸೀರೆಯ ಸೆರಗನ್ನೇ ತಲೆಯ ಮೇಲೆ ಎಳೆದುಕೊಂಡು ನಮಾಝಿಗೆ ನಿಲ್ಲುತ್ತಿದ್ದರು. ಇಂದು ಇದೇ ಬೀದಿಗಳಲ್ಲಿ ಕಪ್ಪು ಬುರ್ಖಾ ಸಾಮಾನ್ಯ. ಅದನ್ನು ತೊಟ್ಟ ಹುಡುಗಿಯನ್ನು ಕಂಡು ತೋರಿಕೆ ಎನ್ನುವವರೂ, ಸೆರಗಿನ ಮುದುಕಿಯನ್ನು ಕಂಡು ಅಜ್ಞಾನ ಎನ್ನುವವರೂ ಹೃದಯ ಸೀಳಿ ನೋಡುವ ಕೆಲಸವನ್ನೇ ಮಾಡುತ್ತಿದ್ದಾರೆ. ಹೆಂಗಸರ ಹೊದಿಕೆಯ ಬಗ್ಗೆ ಹೇಳುವ ವಚನಕ್ಕೂ ಮುಂಚೆ ಗಂಡಸರು ತಮ್ಮ ದೃಷ್ಟಿಯನ್ನು ತಗ್ಗಿಸಲಿ ಎಂಬ ಆಜ್ಞೆಯಿದೆ (24:30).

ಈಗ ಮಾಡಬೇಕಾದದ್ದು. ಮೊದಲು ತಾಯಿಯನ್ನು ಒಬ್ಬರೇ ಇದ್ದಾಗ ಕೂರಿಸಿಕೊಂಡು ಅವರಿಗೆ ಪಾಲು ಬೇಕೇ ಎಂದು ಕೇಳಿ. ತವರಿನ ಬಾಗಿಲು ಮುಚ್ಚೀತು ಎಂಬ ಭಯದಿಂದ ‘ಬಿಟ್ಟುಕೊಟ್ಟೆ’ ಎನ್ನುವ ಹೆಂಗಸರು ನಮ್ಮಲ್ಲಿ ಬಹಳ. ಹೆಣ್ಣು ತನ್ನ ಮಹರಿನಲ್ಲಿ (ಮದುವೆಯಲ್ಲಿ ಗಂಡ ಕೊಡುವ ವಧುಧನ) ಏನನ್ನಾದರೂ ಬಿಟ್ಟುಕೊಡುವುದಕ್ಕೆ ಕುರ್‌ಆನ್ ‘ಮನಸಾರೆ’ ಎಂಬ ಷರತ್ತು ಹಾಕಿದೆ (4:4). ಪಾಲಿಗೂ ಅದೇ ನ್ಯಾಯ, ಸಂಕೋಚಕ್ಕೆ ಆಡಿದ ಮಾತಿನಿಂದ ಹಕ್ಕು ಮಾವನದಾಗುವುದಿಲ್ಲ. ಅವರು ಬೇಕೆಂದರೆ ವಾರಸುದಾರರು ಯಾರು ಯಾರೆಂದು ಬರೆದುಕೊಂಡು ಮದ್ರಸಾದ ಗುರುಗಳಿಂದ ಪಾಲಿನ ಲೆಕ್ಕ ಹಾಕಿಸಿ. ಮಾತಿನಲ್ಲಿ ಮುಗಿಯದಿದ್ದರೆ ಜಮಾತಿನ ಹಿರಿಯರಿದ್ದಾರೆ. ಅಲ್ಲೂ ಆಗದಿದ್ದರೆ ನ್ಯಾಯಾಲಯವಿದೆ, ಮನೆ ಮಳಿಗೆಯಂಥ ಆಸ್ತಿಗೆ 1937ರ ಶರೀಅತ್ ಕಾಯ್ದೆ ಅನ್ವಯಿಸುತ್ತದೆ. ಅಲ್ಲಿಯವರೆಗೆ ಹೋಗುವುದು ಧರ್ಮಕ್ಕೆ ಅಗೌರವವಲ್ಲ. ಆದರೆ ಮೊದಲ ಸಲ ನೀವೇ ಹೋಗಿ, ಸಂಜೆಯ ಅಸರ್ ನಮಾಝ್ ಮುಗಿದ ಮೇಲೆ ಮಾವನ ಮನೆಗೆ, ಮಸೀದಿಯ ಅಂಗಳದಲ್ಲಿ ಬೇಡ. ಗಡ್ಡ, ತಸ್ಬೀಹ್, ಮೊದಲ ಸಾಲು ಯಾವುದರ ಮಾತನ್ನೂ ಎತ್ತಬೇಡಿ. ಲೆಕ್ಕದ ಚೀಟಿಯನ್ನು ಮಾವನ ಕೈಗೆ ಕೊಡುವಾಗ ಅವರ ಮಕ್ಕಳೂ ಅಲ್ಲಿರದಂತೆ ನೋಡಿಕೊಳ್ಳಿ.